ಬಣ್ಣವನ್ನರಸುವ ಬೆಳಕು

ನಮ್ಮ ಜಿಲ್ಲಾ ಕೇಂದ್ರಗಳ ಪೇಟೆಬೀದಿಗಳಲ್ಲಿ ಓಡಾಡುವವರು ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಫಲಕವನ್ನು ಕಂಡಿರಬೇಕು. ಬಟ್ಟೆ ಅಂಗಡಿಯ ಮೇಲಿನ ಮಹಡಿ, ಗಾಜಿನ ಬಾಗಿಲು, ಒಳಗೆ ತಂಪು. ಹೊರಗೆ ನಗುವ ಹೆಣ್ಣಿನ ಚಿತ್ರ, ಅದರ ಕೆಳಗೆ ‘ಲೇಸರ್’ ಎಂಬ ದೊಡ್ಡ ಅಕ್ಷರಗಳು. ಬೇಡದ ಕೂದಲು, ಮೊಡವೆಯ ಕುಳಿ, ಬಂಗು, ಹಚ್ಚೆ, ಮಚ್ಚೆ, ಕೊನೆಗೆ ಮೈಬಣ್ಣ, ಎಲ್ಲಕ್ಕೂ ಅಲ್ಲಿ ಬೆಳಕಿನ ಚಿಕಿತ್ಸೆಯುಂಟು. ಮದುವೆಯ ತಿಂಗಳುಗಳಲ್ಲಿ ರಿಯಾಯಿತಿಯೂ ಉಂಟು. ಇಂಥ ಫಲಕಗಳನ್ನು ಕಂಡು ಸಿಡಿಮಿಡಿಗೊಳ್ಳುವವನು ನಾನಲ್ಲ. ಚರ್ಮವೈದ್ಯನಾಗಿ ಆ ಯಂತ್ರಗಳನ್ನು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಾನೇ ಬಳಸಿದ್ದೇನೆ. ಅವುಗಳಿಂದ ಆದ ಒಳಿತನ್ನು ಕಣ್ಣಾರೆ ಕಂಡಿದ್ದೇನೆ. ಆದ ಕೆಡುಕನ್ನೂ ಕಂಡಿದ್ದೇನೆ. ಅದರಲ್ಲಿ ಒಂದು ಪಾಲು ನನ್ನ ಕೈಯಿಂದಲೇ ಆದದ್ದು. ಆ ಮಾತಿಗೆ ಮುಂದೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ನಾನು ಇನ್ನೇನು ಏಳಬೇಕು ಎನ್ನುವಷ್ಟರಲ್ಲಿ, ಮಂಡ್ಯದ ಕಡೆಯ ತಾಯಿ ಮಗಳು ಒಳಗೆ ಬಂದರು. ಮಗಳು ಕಾಲೇಜಿನಲ್ಲಿ ಪಾಠ ಹೇಳುವವಳು. ಸೆಕೆಯ ದಿನ, ಆದರೂ ದುಪಟ್ಟಾವನ್ನು ಮೂಗಿನವರೆಗೆ ಸುತ್ತಿಕೊಂಡಿದ್ದಳು. ಬಿಚ್ಚಿದಾಗ ಎರಡೂ ಕೆನ್ನೆಗಳ ಕೆಳಭಾಗದಲ್ಲಿ, ಗದ್ದದ ಮೇಲೆ, ಗೆರೆ ಎಳೆದಂಥ ಅಂಚುಳ್ಳ ಕಪ್ಪು ಆಯತಗಳು ಕಂಡವು. ಒಂದರ ಪಕ್ಕದಲ್ಲೊಂದು, ಹೆಂಚು ಹೊದಿಸಿದಂತೆ. ತಾನಾಗಿ ಹುಟ್ಟುವ ಯಾವ ಚರ್ಮರೋಗವೂ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಅದು ಬೆಳಕಿನ ಯಂತ್ರದ ಗಾಜಿನ ಮುಖ ಒತ್ತಿಹೋದ ಅಚ್ಚು. ಗದ್ದದ ಕೂದಲು ತೆಗೆಸಲೆಂದು ಹೋಗಿದ್ದಳಂತೆ. ಮೂರನೆಯ ಸಲ ‘ಪವರ್ ಸ್ವಲ್ಪ ಜಾಸ್ತಿ ಇಡ್ತೀವಿ’ ಎಂದರಂತೆ. ಆ ರಾತ್ರಿಯೇ ಬೊಬ್ಬೆ ಎದ್ದವಂತೆ. ತಾಯಿ ಹೇಳಿದ್ದು ಇಷ್ಟೇ: “ಲಗ್ನ ಗೊತ್ತಾಗೈತೆ ಸ್ವಾಮಿ. ಇನ್ನು ಎಲ್ಡೇ ತಿಂಗ್ಳು ಇರೋದು.” ಮಗಳು ಕೇಳಿದ್ದು ಬೇರೆಯದನ್ನು: “ನನ್ನ ಜೊತೆ ಬಂದಿದ್ದ ಗೆಳತಿಗೂ ಅದೇ ಮಿಷಿನ್ನು, ಅದೇ ಪವರು ಸರ್. ಅವಳಿಗೇನೂ ಆಗ್ಲಿಲ್ಲ. ಅವಳು ಬೆಳ್ಳಗಿದ್ದಾಳೆ. ಹಾಗಾದ್ರೆ ತಪ್ಪು ನನ್ನ ಬಣ್ಣದ್ದಾ?”

ಆ ಸಂಜೆ ನಾನು ಕೊಟ್ಟ ಉತ್ತರ ಅವಸರದ್ದು. ಇಂದು ಅದನ್ನೇ ಸಾವಧಾನವಾಗಿ ಹೇಳಲು ಯತ್ನಿಸುತ್ತೇನೆ.

ಬೆಳಕಿನಿಂದ ಚರ್ಮವನ್ನು ತಿದ್ದುವ ಯೋಚನೆ ಹೊಸದೇನಲ್ಲ. ತೊನ್ನಿನ ಬಿಳಿ ಕಲೆಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ ನಮ್ಮ ಆಯುರ್ವೇದದಲ್ಲಿ ಬಹಳ ಹಳೆಯದು. ಆ ಬೀಜದಲ್ಲಿರುವ ಸೊರಲೆನ್ ಎಂಬ ದ್ರವ್ಯ ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿಸುತ್ತದೆ. ಬಣ್ಣದ ಕಣಗಳು ಎಚ್ಚರಗೊಳ್ಳುತ್ತವೆ. ಅಳತೆ ತಪ್ಪಿದರೆ ಚರ್ಮ ಸುಟ್ಟು ಬೊಬ್ಬೆಯೇಳುತ್ತದೆ. 1974ರಲ್ಲಿ ಸೋರಿಯಾಸಿಸ್ ರೋಗಕ್ಕೆ ಇದೇ ವರ್ಗದ ಔಷಧವನ್ನೂ ನೇರಳಾತೀತ ದೀಪವನ್ನೂ ಜೊತೆಗೂಡಿಸಿದ ಚಿಕಿತ್ಸೆ ಪಶ್ಚಿಮದಲ್ಲಿ ಪ್ರಕಟವಾದಾಗ, ತತ್ತ್ವ ನಮಗೆ ಅಪರಿಚಿತವಾಗಿರಲಿಲ್ಲ. ಅದಕ್ಕೂ ಮೊದಲು ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಎಂಬ ವೈದ್ಯ ಕಾರ್ಬನ್ ದೀಪದ ಬೆಳಕನ್ನು ಸ್ಫಟಿಕಶಿಲೆಯ ಮಸೂರಗಳಿಂದ ಒಂದೆಡೆ ಕೂಡಿಸಿ, ಮುಖವನ್ನು ತಿಂದುಹಾಕುತ್ತಿದ್ದ ಚರ್ಮಕ್ಷಯಕ್ಕೆ ಹಾಯಿಸಿದ. 1903ರ ವೈದ್ಯಕೀಯ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. ತಾನೇ ದೀರ್ಘರೋಗಿಯಾಗಿದ್ದ ಅವನು ಮರುವರ್ಷವೇ, ನಲವತ್ತಮೂರರ ಪ್ರಾಯದಲ್ಲಿ ತೀರಿಕೊಂಡ.

ಆದರೆ ಇವೆಲ್ಲ ರೋಗಕ್ಕೆ ಮದ್ದಾದ ಬೆಳಕುಗಳು. ಇಂದಿನ ಫಲಕಗಳಲ್ಲಿ ಕಾಣುವ ಬೆಳಕಿನ ವಂಶ ಬೇರೆ. 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನ ಪ್ರಯೋಗಾಲಯವೊಂದರಲ್ಲಿ ಥಿಯೊಡೋರ್ ಮೈಮನ್ ಕೃತಕ ಮಾಣಿಕ್ಯದ ಸರಳಿನಿಂದ ಮೊಟ್ಟಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದ. ಕೆಲವೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಹಾಯಿಸಿ ನೋಡಿದ. ಕಪ್ಪು ಕೂದಲಿನಂಥ ಬಣ್ಣವುಳ್ಳ ಭಾಗಗಳಿಗೆ ಆ ಕಿರಣ ಹೆಚ್ಚು ತಾಕುವುದನ್ನು ಗಮನಿಸಿದ. ಮುಂದೆ ಆರ್ಗಾನ್ ಲೇಸರಿನಿಂದ ಹುಟ್ಟುಮಚ್ಚೆಗಳನ್ನು ಅಳಿಸುವ ಪ್ರಯತ್ನ ನಡೆಯಿತು. ಎಷ್ಟೋ ಮುಖಗಳಲ್ಲಿ ಮಚ್ಚೆ ಹೋಯಿತು, ಗಾಯದ ಕಲೆ ಉಳಿಯಿತು. ಏಕೆ ಹೀಗೆ ಎಂಬುದನ್ನು ಸ್ಪಷ್ಟಪಡಿಸಿದವರು ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್. ಅವರ ಲೇಖನ 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಇಂದಿನ ಎಲ್ಲ ಸೌಂದರ್ಯ ಲೇಸರುಗಳೂ ಬಹುಮಟ್ಟಿಗೆ ಆ ಲೇಖನದ ಮಕ್ಕಳು.

ಅವರು ಹೇಳಿದ್ದನ್ನು ಅಡುಗೆಮನೆಯ ಮಾತಿನಲ್ಲಿ ಹೇಳಬಹುದು. ಕಾದ ಎಣ್ಣೆಗೆ ಬಿದ್ದ ಸಾಸಿವೆ ಕ್ಷಣದಲ್ಲಿ ಸಿಡಿಯುತ್ತದೆ. ಅದೇ ಎಣ್ಣೆಗೆ ಬಿದ್ದ ಆಲೂಗೆಡ್ಡೆಯ ಹೋಳಿನ ಒಳಗು ಆಗ ಇನ್ನೂ ತಣ್ಣಗಿರುತ್ತದೆ. ಚಿಕ್ಕದು ಬೇಗ ಕಾಯುತ್ತದೆ, ಬೇಗ ಆರುತ್ತದೆ; ದೊಡ್ಡದಕ್ಕೆ ಎರಡೂ ನಿಧಾನ. ಚರ್ಮದೊಳಗಿನ ವಸ್ತುಗಳೂ ಹಾಗೆಯೇ. ಹಚ್ಚೆಯ ಮಸಿಯ ಕಣ ಅತಿ ಸೂಕ್ಷ್ಮ. ಅದನ್ನು ಒಡೆಯಲು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಬೆಳಕು ಬಿದ್ದರೆ ಸಾಕು. ಕೂದಲಿನ ಬುಡ ಅದಕ್ಕಿಂತ ಬಹು ದೊಡ್ಡದು. ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಹತ್ತಾರು ಪಾಲಿನ ಹೊತ್ತು ಬೇಕು. ಎರಡನೆಯ ಮಾತು, ಬೆಳಕಿನ ಬಣ್ಣದ್ದು. ರಕ್ತದ ಹಿಮೋಗ್ಲೋಬಿನ್ ಹಳದಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಚರ್ಮದ ನೀರು ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನು ಹೀರುತ್ತದೆ. ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಮೆಲನಿನ್ ಬಹುಪಾಲು ಎಲ್ಲ ಬೆಳಕುಗಳನ್ನೂ ಹೀರುತ್ತದೆ, ಅಲೆಯುದ್ದ ಹೆಚ್ಚಿದಂತೆ ಸ್ವಲ್ಪ ಸ್ವಲ್ಪ ಕಡಿಮೆಯಾಗಿ. ಯಾವುದನ್ನು ನಾಶಪಡಿಸಬೇಕೋ ಅದು ಹೀರುವ ಬಣ್ಣದ ಬೆಳಕನ್ನು, ಅದು ಕಾಯುವಷ್ಟು ಹೊತ್ತು ಮಾತ್ರ, ಪಕ್ಕದ್ದಕ್ಕೆ ಬಿಸಿ ಹರಡುವ ಮೊದಲೇ ಕೊಟ್ಟು ಮುಗಿಸಬೇಕು. ಕೆಲಸವೆಲ್ಲ ಇಷ್ಟೆ. ಬೆಳಕು ರೋಗವನ್ನು ಹುಡುಕುವುದಿಲ್ಲ, ಕುರೂಪವನ್ನು ಹುಡುಕುವುದಿಲ್ಲ; ಬಣ್ಣವನ್ನು ಹುಡುಕುತ್ತದೆ.

ನಮ್ಮ ತೊಡಕು ಇಲ್ಲಿಯೇ ಇದೆ. ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಬೆಳ್ಳಗಿನವರಲ್ಲಿಯೂ ಕಪ್ಪಗಿನವರಲ್ಲಿಯೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಬಣ್ಣದ ಕಣಗಳು ನಮ್ಮಲ್ಲಿ ದೊಡ್ಡವು, ಬಿಡಿಬಿಡಿಯಾಗಿ ಹರಡಿಕೊಂಡವು, ಬೇಗ ಕರಗದವು. ಅವು ನಿಂತಿರುವುದು ಚರ್ಮದ ಮೇಲ್ಪದರದಲ್ಲಿ. ಕೂದಲಿನ ಬೇರು ಇರುವುದು ಅದರ ಬಹಳ ಕೆಳಗೆ. ಬೇರಿನ ಮೆಲನಿನ್ನನ್ನು ಅರಸಿ ಹೊರಟ ಬೆಳಕು ಮೊದಲು ಮೇಲ್ಪದರದ ಮೆಲನಿನ್ನಿಗೆ ಸುಂಕ ಕೊಟ್ಟೇ ಮುಂದೆ ಹೋಗಬೇಕು. ಆ ಸುಂಕವೇ ಶಾಖ. ಬೆಳ್ಳಗಿನ ಚರ್ಮದಲ್ಲಿ ಸುಂಕ ಅಲ್ಪ, ನಮ್ಮಲ್ಲಿ ಹೆಚ್ಚು, ಬಿಸಿಲಿನಲ್ಲಿ ದುಡಿದು ಬಂದವರಲ್ಲಿ ಮತ್ತೂ ಹೆಚ್ಚು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಆ ಹುಡುಗಿಗೆ ಬಳಸಿದ್ದು ಲೇಸರ್ ಆಗಿರಲೇ ಇಲ್ಲ. ಕ್ಸೆನಾನ್ ದೀಪವನ್ನು ಮಿಂಚಿನಂತೆ ಹೊತ್ತಿಸಿ, ಸುಮಾರು 500ರಿಂದ 1,200 ನ್ಯಾನೊಮೀಟರ್‌ವರೆಗಿನ ಅಲೆಯುದ್ದಗಳ ಬೆಳಕನ್ನು ಒಟ್ಟಿಗೆ ಬಿಡುವ ಯಂತ್ರ ಅದು. ಜನರ ಬಾಯಲ್ಲಿ ಐಪಿಎಲ್. ಹೆಸರು ಕೇಳಿ ಕ್ರಿಕೆಟ್ ನೆನೆಯುವವರೇ ಹೆಚ್ಚು. ಗಾಜಿನ ಶೋಧಕಗಳನ್ನಿಟ್ಟು ಬೇಡದ ಬೆಳಕನ್ನು ತಡೆಯಬಹುದು, ಹೊಡೆತಗಳ ನಡುವೆ ಬಿಡುವು ಕೊಡಬಹುದು, ಚರ್ಮವನ್ನು ತಂಪಾಗಿಸುತ್ತ ಹೋಗಬಹುದು. ಬಲ್ಲವರ ಕೈಯಲ್ಲಿ ಅದು ಉಪಯುಕ್ತವೇ. ಆದರೆ ಅದರ ಗಿಡ್ಡ ಅಲೆಗಳು ಸುಂಕದ ಕಟ್ಟೆಯಲ್ಲೇ ಸಿಕ್ಕಿಬೀಳುವಂಥವು. ನಮ್ಮಂಥ ಚರ್ಮಕ್ಕೆ ಇದಕ್ಕಿಂತ ಕ್ಷೇಮವಾದದ್ದು 1,064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್. ಮೆಲನಿನ್ ಅದನ್ನು ಕಡಿಮೆ ಹೀರುವುದರಿಂದ ಅದು ಮೇಲ್ಪದರವನ್ನು ಅಷ್ಟಾಗಿ ಕೆಣಕದೆ ಆಳಕ್ಕಿಳಿಯುತ್ತದೆ. ಫಲ ತುಸು ನಿಧಾನ, ನೋವು ತುಸು ಜಾಸ್ತಿ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಯಂತ್ರಗಳ ಕೈಪಿಡಿಗಳು ಚರ್ಮವನ್ನು ಆರು ವರ್ಗಗಳಾಗಿ ವಿಂಗಡಿಸುತ್ತವೆ. ಈ ವಿಂಗಡಣೆ 1975ರಲ್ಲಿ ಅಮೆರಿಕದ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಮಾಡಿದ್ದು. ಮೊದಲು ಅದರಲ್ಲಿದ್ದವು ನಾಲ್ಕೇ ವರ್ಗಗಳು, ನಾಲ್ಕೂ ಬಿಳಿಯ ಜನರವು. ಕಂದು ಚರ್ಮಕ್ಕೆ ಐದನೆಯದು, ಕಪ್ಪು ಚರ್ಮಕ್ಕೆ ಆರನೆಯದು, ಆಮೇಲೆ ಸೇರಿದವು. ನಮ್ಮಲ್ಲಿ ಬಹುಮಂದಿ ನಾಲ್ಕು ಐದರ ಆಸುಪಾಸಿನವರು. ಅಂದರೆ ಪಟ್ಟಿಯ ಕೊನೆಯ ಪಂಕ್ತಿಯಲ್ಲಿ, ಎಲೆ ಹಾಕಿದ ಮೇಲೆ ಬಂದು ಕೂತವರು. ಬಡಿಸುವವರು ಅದನ್ನು ನೆನಪಿಡಬೇಕು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇದು: ಅವಳ ಬಣ್ಣ ತನ್ನ ಸ್ವಭಾವದಂತೆ ಬೆಳಕನ್ನು ಹೀರಿತು, ಅದು ಹೀರುತ್ತದೆಂದು ಲೆಕ್ಕ ಹಾಕದವನು ಯಂತ್ರ ಹಿಡಿದಿದ್ದ.

ಇಷ್ಟು ಕೇಳಿ ಈ ಬೆಳಕಿನ ಸಹವಾಸವೇ ಬೇಡವೆಂದು ಯಾರಾದರೂ ತೀರ್ಮಾನಿಸಿದರೆ ಅದೂ ಅನ್ಯಾಯವಾದೀತು. ಹುಟ್ಟಿನಿಂದಲೋ ಹರೆಯದಲ್ಲೋ ಕೆಲವರ ಮುಖದ ಒಂದು ಪಕ್ಕದಲ್ಲಿ, ಕಣ್ಣಿನ ಸುತ್ತ, ಕೆನ್ನೆಯ ಮೇಲೆ, ನೀಲಿ ಬೂದು ಬಣ್ಣದ ಛಾಯೆ ಮೂಡುತ್ತದೆ. ಯಾರೋ ಹೊಡೆದು ಕಂದಿದಂತೆ ಕಾಣುತ್ತದೆ. ಏಷ್ಯದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. 1930ರ ದಶಕದ ಕೊನೆಗೆ ಇದನ್ನು ವಿವರಿಸಿದ ಜಪಾನಿನ ವೈದ್ಯ ಓಟ ಮಸಾವೊನ ಹೆಸರೇ ಇದಕ್ಕೆ ನಿಂತಿದೆ. ಈ ಓಟ, ಕಿನೊಶಿತ ಮೊಕುತರೊ ಎಂಬ ಕಾವ್ಯನಾಮದಲ್ಲಿ ಕವಿತೆ ನಾಟಕಗಳನ್ನು ಬರೆದವನು. ಜಪಾನೀ ಸಾಹಿತ್ಯ ಬಲ್ಲವರಿಗೆ ಅವನು ಮೊದಲು ಕವಿ, ಆಮೇಲೆ ವೈದ್ಯ. ಆ ನೀಲಿ ಚರ್ಮದ ಆಳದಲ್ಲಿರುವುದರಿಂದ ಯಾವ ಮುಲಾಮೂ ಅದನ್ನು ತಲುಪದು. ನಾನು ವೈದ್ಯವಿದ್ಯಾರ್ಥಿಯಾಗಿದ್ದಾಗ ಇಂಥವರಿಗೆ ನಾವು ಹೇಳುತ್ತಿದ್ದುದು ‘ಇದು ರೋಗವಲ್ಲ, ಚಿಂತೆ ಬೇಡ’ ಎಂಬ ಒಂದೇ ಮಾತು. ಚಿಂತೆ ಬೇಡವೆನ್ನುವುದು ಹೇಳುವವರಿಗೆ ಸುಲಭ.

ನನ್ನಲ್ಲಿಗೆ ಬರುತ್ತಿದ್ದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಎಡಗೆನ್ನೆ ಕಾಣದಂತೆ ಯಾವಾಗಲೂ ಗೋಡೆಯ ಪಕ್ಕಕ್ಕೇ ಕೂರುತ್ತಿದ್ದರು. ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸಿಕ್ಕದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಗಂಡ ಹೊಡೆದನೇ ಎಂದು ಕೇಳುವವರ ಕಾಟ ಬೇರೆ. ಎರಡು ತಿಂಗಳಿಗೊಂದರಂತೆ ಸುಮಾರು ಎರಡು ವರ್ಷ, ಅತಿ ಕಿರಿದಾದ ಹೊಡೆತಗಳ 1,064 ನ್ಯಾನೊಮೀಟರ್ ಲೇಸರ್ ಕೊಟ್ಟೆವು. ಪ್ರತಿಸಲವೂ ಕಣ್ಣಿಗೆ ಲೋಹದ ಕವಚ, ಮೇಲೆ ಮಂಜುಗಡ್ಡೆ. ನೀಲಿ ಬೂದಿಯಾಯಿತು, ಬೂದಿ ಮಂಜಾಯಿತು, ಕೊನೆಗೆ ಬಲ್ಲವರು ಹುಡುಕಿದರೆ ಮಾತ್ರ ಕಾಣುವಷ್ಟಾಯಿತು. ಆಯಮ್ಮ ಕೊನೆಯ ದಿನ ನನ್ನೆದುರಿನ ಕುರ್ಚಿಯಲ್ಲಿ ಬೆಳಕಿನ ಕಡೆಗೆ ಎಡಗೆನ್ನೆ ತಿರುಗಿಸಿ ಕೂತಿದ್ದರು. ಹಾಗೆ ಕೂತದ್ದು ಅವರಿಗೇ ತಿಳಿದಿರಲಿಲ್ಲ. ‘ಸೌಂದರ್ಯ ಚಿಕಿತ್ಸೆ’ ಎಂಬ ಮಾತನ್ನು ಹಗುರವಾಗಿ ಆಡುವವರನ್ನು ಕಂಡರೆ ನನಗೆ ಆ ಕುರ್ಚಿ ನೆನಪಾಗುತ್ತದೆ.

ಮಕ್ಕಳ ಮುಖದ ಕೆಂಪು ಹುಟ್ಟುಮಚ್ಚೆಗೂ ಹೀಗೆಯೇ ಹಳದಿ ಬೆಳಕಿನ ಬೇರೊಂದು ಲೇಸರ್ ಇದೆ. ಪೂರ್ತಿ ಹೋಗುವುದು ಅಪರೂಪ, ತಿಳಿಯಾಗುವುದು ಸಾಮಾನ್ಯ, ಎಳೆತನದಲ್ಲಿ ಆರಂಭಿಸಿದರೆ ಫಲ ಹೆಚ್ಚು. ಹಚ್ಚೆಯ ಕಥೆ ಇನ್ನೊಂದು ಬಗೆಯದು. ಕೊರವಂಜಿಯರಿಂದ ಮುಂಗೈಗೆ ಹಚ್ಚೆ ಹಾಕಿಸಿಕೊಂಡ ನಮ್ಮ ಅಜ್ಜಿಯರು ಅದನ್ನು ಅಳಿಸುವ ಯೋಚನೆ ಮಾಡಿದವರಲ್ಲ. ಈಗಿನವರು ಇಪ್ಪತ್ತರಲ್ಲಿ ಬರೆಸಿಕೊಂಡ ಹೆಸರನ್ನು ಇಪ್ಪತ್ತೈದರಲ್ಲಿ ಅಳಿಸಲು ಬರುತ್ತಾರೆ. ಕಾರಣ ಕೇಳುವುದು ವೈದ್ಯನ ಕೆಲಸವಲ್ಲ. ಕಪ್ಪು ಮಸಿ ಹಲವು ಭೇಟಿಗಳಲ್ಲಿ ಚೆನ್ನಾಗಿ ಹೋಗುತ್ತದೆ. ಹಸಿರು ಹಳದಿಗಳು ಹಟಮಾರಿಗಳು. ಬರೆಸಿಕೊಳ್ಳುವ ಖರ್ಚಿಗಿಂತ ಅಳಿಸುವ ಖರ್ಚು ಹೆಚ್ಚು.

ಹೆಣ್ಣಿನ ಮುಖದ ಕೂದಲನ್ನು ನಗೆಯ ವಸ್ತುವಾಗಿಸುವುದು ನಮ್ಮ ಸಿನಿಮಾಗಳ ಕೆಟ್ಟ ಚಾಳಿ. ಮನೆಯವರು ಏಳುವ ಮೊದಲೇ ಎದ್ದು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಚಿಮಟ ಹಿಡಿದು ಕೂರುವ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಅಂಥವರಿಗೆ ಈ ಬೆಳಕು ದೊಡ್ಡ ಉಪಕಾರಿ. ಆದರೆ ಅದು ಏನು ಮಾಡಬಲ್ಲದು ಎಂಬುದರಲ್ಲಿ ಪ್ರಾಮಾಣಿಕತೆ ಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಯಂತ್ರಗಳಿಗೆ ಒಪ್ಪಿರುವ ಮಾತು ಕೂದಲಿನ ‘ಶಾಶ್ವತ ಇಳಿಕೆ’ ಎಂಬುದು. ‘ಶಾಶ್ವತ ನಿರ್ಮೂಲನ’ ಎಂಬುದಲ್ಲ. ಬೆಳೆಯುತ್ತಿರುವ ಹಂತದ ಕೂದಲಿಗೆ ಮಾತ್ರ ಬೆಳಕು ನಾಟುತ್ತದೆ. ನಿದ್ರಿಸುತ್ತಿರುವ ಬೇರುಗಳು ಮುಂದಿನ ತಿಂಗಳು ಏಳುತ್ತವೆ. ಆದ್ದರಿಂದಲೇ ನಾಲ್ಕಾರು ವಾರಗಳ ಅಂತರದಲ್ಲಿ ಆರೆಂಟು ಭೇಟಿಗಳು ಬೇಕು. ನರೆತ ಕೂದಲಿನಲ್ಲಿ ಬಣ್ಣವಿಲ್ಲ; ಅದಕ್ಕೆ ಈ ಚಿಕಿತ್ಸೆ ವ್ಯರ್ಥ. ಗದ್ದದ ಮೇಲೆ ಒರಟು ಕೂದಲು ಬರುವ ಎಷ್ಟೋ ತರುಣಿಯರಲ್ಲಿ ಅಂಡಾಶಯದ ಹಾರ್ಮೋನುಗಳ ಏರುಪೇರು ಇರುತ್ತದೆ. ಮುಟ್ಟು ಕ್ರಮವಾಗಿದೆಯೇ ಎಂದು ಕೇಳದೆ ಯಂತ್ರ ಹಿಡಿಯುವವನು ನಲ್ಲಿ ಕಟ್ಟದೆ ನೆಲ ಒರೆಸಿದಂತೆ. ವಿಚಿತ್ರವೆಂದರೆ ನಮ್ಮಂಥ ಬಣ್ಣದವರಲ್ಲಿ, ಅದರಲ್ಲೂ ಹಾರ್ಮೋನಿನ ತೊಂದರೆಯುಳ್ಳವರ ಮುಖ ಕುತ್ತಿಗೆಗಳಲ್ಲಿ, ಕೆಲವೊಮ್ಮೆ ಚಿಕಿತ್ಸೆಯ ಅಂಚಿನ ಎಳೆಯ ನವಿರು ದಪ್ಪ ಕೂದಲಾಗಿ ಬೆಳೆಯುವುದುಂಟು. ಹಣ ಕಟ್ಟಿಸಿಕೊಳ್ಳುವಾಗ ಇದನ್ನು ಹೇಳುವವರು ವಿರಳ.

ಇನ್ನು ಬಂಗು. ನಲವತ್ತರ ಆಸುಪಾಸಿನ ಹೆಂಗಸರ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಹರಡುವ ಆ ಕಂದು ನೆರಳು. ಬಸಿರು, ಗರ್ಭನಿರೋಧಕ ಗುಳಿಗೆ, ವಂಶ, ಎಲ್ಲಕ್ಕೂ ಮಿಗಿಲಾಗಿ ಬಿಸಿಲು ಅದಕ್ಕೆ ಕಾರಣ. ಬಣ್ಣವಿರುವೆಡೆ ಬೆಳಕು ಕೆಲಸ ಮಾಡುವುದಾದರೆ ಬಂಗಿಗೆ ಲೇಸರಿಗಿಂತ ಬೇರೆ ಮದ್ದೇಕೆ ಎಂದು ಯಾರಿಗಾದರೂ ತೋರೀತು. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಬಂಗಿನಲ್ಲಿ ಬಣ್ಣದ ಕಾರ್ಖಾನೆಯೇ ಸಿಟ್ಟಿಗೆದ್ದಿರುತ್ತದೆ. ಶಾಖ ಅದನ್ನು ಮತ್ತಷ್ಟು ಕೆರಳಿಸುತ್ತದೆ. ತಿಳಿಯಾದಂತೆ ಕಂಡದ್ದು ಕೆಲವು ತಿಂಗಳಲ್ಲಿ ಇಮ್ಮಡಿಯಾಗಿ ಮರಳುತ್ತದೆ. ಇದಕ್ಕಿಂತ ಕೆಟ್ಟದ್ದು, ಮೆದು ಪ್ರಮಾಣದ ಲೇಸರನ್ನು ವಾರವಾರವೂ ಹಾಯಿಸುವ ‘ಟೋನಿಂಗ್’ ಎಂಬ ಪದ್ಧತಿ. ಅದನ್ನು ಅತಿಯಾಗಿ ಮಾಡಿಸಿಕೊಂಡವರ ಕೆನ್ನೆಯಲ್ಲಿ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಏಳುವುದುಂಟು. ಅಲ್ಲಿ ಕಾರ್ಖಾನೆ ಬೀಗ ಹಾಕಿರುತ್ತದೆ. ಅದನ್ನು ತೆರೆಸುವುದು ಬಹಳ ಕಷ್ಟ. ಕಪ್ಪು ಕಲೆ ತಿಂಗಳುಗಳಲ್ಲಿ ಮಾಸೀತು. ಬಿಳಿ ಕಲೆ ವರ್ಷಗಟ್ಟಲೆ ಉಳಿದೀತು. ಬಂಗಿಗೆ ಮೊದಲ ಮದ್ದು ಬಿಸಿಲಿನಿಂದ ಮರೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ ಕಬ್ಬಿಣದ ಆಕ್ಸೈಡ್ ಸೇರಿದ, ಮೈಬಣ್ಣದ ಬಿಸಿಲುಲೇಪ ಉತ್ತಮ. ಆಮೇಲೆ ವೈದ್ಯರ ಕಣ್ಗಾವಲಿನ ಮುಲಾಮು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮಿಶ್ರಿತ ಕ್ರೀಮು ತಿಂಗಳುಗಟ್ಟಲೆ ಹಚ್ಚಿ ಮುಖವನ್ನು ಕೆಂಪೇರಿಸಿಕೊಂಡು ಬರುವವರ ಕಥೆ ಮತ್ತೊಂದು ಭಾಷಣಕ್ಕಾಗುವಷ್ಟಿದೆ.

ಬಂಗಿನ ಮಾತು ಬಂದಲ್ಲಿ ಬಿಳುಪಿನ ಮಾತು ಬಾರದಿರದು. ಇಡೀ ಮೈಯನ್ನು ಬೆಳ್ಳಗಾಗಿಸುವ ಬೆಳಕು ಯಾವುದು ಎಂದು ಕೇಳಿಕೊಂಡು ಬರುವವರು ಈಗಲೂ ಇದ್ದಾರೆ; ಬಹುಪಾಲು ತಾಯಂದಿರು, ಮಗಳನ್ನು ಜೊತೆಗೆ ಕರೆದುಕೊಂಡು. ಅಂಥ ಬೆಳಕು ಇಲ್ಲ. ಬಿಸಿಲಿಗೆ ಕಂದಿದ್ದು ತಿಳಿಯಾದೀತು, ಅಷ್ಟೇ. ಹುಟ್ಟಿನ ಬಣ್ಣವನ್ನು ಜೀವಕೋಶಗಳು ಮತ್ತೆ ಮತ್ತೆ ತಯಾರಿಸುತ್ತಲೇ ಇರುತ್ತವೆ. ಅದು ನಮ್ಮ ನೆತ್ತಿಯ ಮೇಲಿನ ಸೂರ್ಯನಿಗೆ ಹಿಡಿದ ಕೊಡೆ. ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯ ಜನರಲ್ಲಿಗಿಂತ ಬಹಳ ಕಡಿಮೆಯಿರುವುದು ಅದರ ದೆಸೆಯಿಂದ. ಇದಕ್ಕೆ ಪ್ರತಿಯಾಗಿ ಯುರೋಪು ಅಮೆರಿಕಗಳಲ್ಲಿ ದುಡ್ಡು ಕೊಟ್ಟು ನೇರಳಾತೀತ ದೀಪಗಳ ಪೆಟ್ಟಿಗೆಯೊಳಗೆ ಮಲಗಿ ಮೈ ಕಂದಿಸಿಕೊಳ್ಳುವ ಪರಿಪಾಠವುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2009ರಲ್ಲಿ ಆ ಪೆಟ್ಟಿಗೆಗಳನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಸಾಲಿಗೆ, ತಂಬಾಕಿನ ಪಕ್ಕಕ್ಕೆ, ಸೇರಿಸಿತು. ಅದೇ ವರ್ಷ ಬ್ರೆಜಿಲ್ ದೇಶ ಅವನ್ನು ಸೌಂದರ್ಯಕ್ಕಾಗಿ ಬಳಸುವುದನ್ನೇ ನಿಷೇಧಿಸಿತು. ಅವರು ಕಂದಲು ಸುಟ್ಟುಕೊಂಡರು, ನಾವು ಬಿಳುಚಲು ಸುಟ್ಟುಕೊಳ್ಳುತ್ತಿದ್ದೇವೆ.

ನನ್ನ ತಪ್ಪಿನ ಮಾತಿಗೆ ಬರುತ್ತೇನೆಂದು ಹೇಳಿದ್ದೆ. ರೈತರ ಮನೆಯ ಹುಡುಗನೊಬ್ಬನಿಗೆ ಗಡ್ಡ ಹೆರೆದಾಗಲೆಲ್ಲ ಕೂದಲು ಒಳಮುಖವಾಗಿ ಬೆಳೆದು ಕೀವುಗುಳ್ಳೆಯೇಳುತ್ತಿತ್ತು. ಕೂದಲು ತಗ್ಗಿಸುವ ಲೇಸರ್ ಇದಕ್ಕೆ ಒಳ್ಳೆಯ ಪರಿಹಾರ. ಜನವರಿಯಲ್ಲಿ ಆರಂಭಿಸಿದೆ, ಎರಡು ಭೇಟಿ ಸುಸೂತ್ರವಾಗಿ ಮುಗಿದವು. ಮೂರನೆಯ ಸಲ ಅವನು ಬಂದದ್ದು ಏಪ್ರಿಲಿನಲ್ಲಿ. ಅಂದು ನನಗೆ ರೋಗಿಗಳ ನೂಕುನುಗ್ಗಲು. ಚೀಟಿ ನೋಡಿ ಹಿಂದಿನ ಅಂಕಿಯನ್ನೇ ಯಂತ್ರಕ್ಕೆ ಕೊಟ್ಟೆ. ಅವನ ಚೀಟಿಯಲ್ಲಿ ಜನವರಿಯ ಅಂಕಿಯಿತ್ತು. ಮುಖದಲ್ಲಿ ಏಪ್ರಿಲಿನ ಬಿಸಿಲಿತ್ತು. ನಡುವೆ ಇಪ್ಪತ್ತು ದಿನ ಕಬ್ಬು ಕಡಿಸಲು ಗದ್ದೆಯಲ್ಲೇ ನಿಂತಿದ್ದನೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮುಖವೆತ್ತಿ ನೋಡಿದ್ದರೆ ಕೇಳುವ ಅಗತ್ಯವೂ ಇರಲಿಲ್ಲ. ದವಡೆಯ ಮೇಲೆ ಎದ್ದ ಬೊಬ್ಬೆಗಳು ವಾರದಲ್ಲಿ ಒಣಗಿದವು. ಅವು ಬಿಟ್ಟುಹೋದ ಕಪ್ಪು ಮಾಸಲು ಒಂದು ವರ್ಷ ಹಿಡಿಯಿತು. ಅವನು ಸಿಟ್ಟಾಗಲಿಲ್ಲ. “ಬಿಡಿ ಸಾರ್, ನನ್ ಮಖ ಮೊದ್ಲೇ ಕಪ್ಪು” ಎಂದು ನಕ್ಕ. ಆ ನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಅಂದಿನಿಂದ ಒಂದು ಕ್ರಮವಿಟ್ಟುಕೊಂಡಿದ್ದೇನೆ: ಪ್ರತಿ ಭೇಟಿಯಲ್ಲೂ ಚೀಟಿಗಿಂತ ಮೊದಲು ಮುಖ. ಹೊಸಬರಿಗಾದರೆ ಮರೆಯಾದ ಒಂದು ಕಿರುಜಾಗದಲ್ಲಿ ಪರೀಕ್ಷೆ ಮಾಡಿ, ದಿನಗಳೆಣಿಸಿ ಕಾದು, ಆಮೇಲೆ ಉಳಿದದ್ದು.

ಬೇರೆ ಅಪಾಯಗಳನ್ನು ಬೇಗ ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ದೊಡ್ಡದು ಕಣ್ಣಿನದು. ಲೇಸರಿನ ಒಂದೇ ಹೊಡೆತ ಕಣ್ಣಿನ ಒಳಪರದೆಯನ್ನು ಸುಡಬಲ್ಲದು, ಆ ನಷ್ಟ ಮರಳಿ ತುಂಬುವುದಿಲ್ಲ. ಹುಬ್ಬು ತಿದ್ದಿಸಲು ಹೋಗಿ ಪಾಪೆಗೆ ಪೆಟ್ಟು ಮಾಡಿಕೊಂಡವರ ವರದಿಗಳಿವೆ. ಆಯಾ ಬೆಳಕಿಗೆ ಆಯಾ ಕನ್ನಡಕವೇ ಬೇಕು. ಸಾಮಾನ್ಯ ಕಪ್ಪು ಕನ್ನಡಕ ಸಾಲದು. ಎರಡನೆಯದು, ಆಕಾರವೋ ಬಣ್ಣವೋ ಬದಲಾಗುತ್ತಿರುವ ಕಪ್ಪು ಮಚ್ಚೆಯನ್ನು ಎಂದಿಗೂ ಸುಮ್ಮನೆ ಸುಡಿಸಬಾರದು. ಅದು ಕ್ಯಾನ್ಸರ್ ಆಗಿದ್ದರೆ ಮೇಲಿನ ಗುರುತು ಮಾತ್ರ ಅಳಿದು ರೋಗ ಒಳಗೆ ಉಳಿಯುತ್ತದೆ. ಗಾಯವಾದಲ್ಲಿ ಚರ್ಮ ಉಬ್ಬಿ ಗಂಟಾಗುವ ಸ್ವಭಾವದವರು, ತುಟಿಯಂಚಿನಲ್ಲಿ ಆಗಾಗ ಸರ್ಪಸುತ್ತಿನ ಜಾತಿಯ ನೀರುಗುಳ್ಳೆ ಏಳುವವರು, ಬಿಸಿಲು ತಾಳದಂತೆ ಮಾಡುವ ಔಷಧ ಸೇವಿಸುತ್ತಿರುವವರು ಮೊದಲೇ ಹೇಳಬೇಕು. ಮೊಡವೆಯ ಕುಳಿ ತುಂಬಿಸುವ ಲೇಸರಿನ ನಂತರ ನಮ್ಮ ಚರ್ಮ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಕಪ್ಪಾಗುವುದು ಸಾಮಾನ್ಯ, ಬಹುಮಟ್ಟಿಗೆ ಮಾಸುತ್ತದೆ. ಮದುವೆಗೆ ಒಂದು ತಿಂಗಳಿದೆ ಎಂದು ಬರುವವರಿಗೆ ನಾನು ಅದನ್ನು ಮಾಡುವುದಿಲ್ಲ.

ಮನೆಯಲ್ಲೇ ಬಳಸುವ ಯಂತ್ರಗಳು, ಕೆಂಪು ನೀಲಿ ದೀಪಗಳ ಮುಖವಾಡಗಳು ಈಗ ಅಂಚೆಯಲ್ಲೇ ಬರುತ್ತವೆ. ಕೆಂಪು ಬೆಳಕಿನ ಹುಚ್ಚಿಗೆ ಮೂಲ ಹಂಗೆರಿಯ ಎಂಡ್ರೆ ಮೆಸ್ಟರ್. 1967ರಲ್ಲಿ ಬ್ಯುಡಪೆಸ್ಟಿನಲ್ಲಿ ಬೋಳಿಸಿದ ಇಲಿಗಳಿಗೆ ಮೆದು ಲೇಸರ್ ಹಾಯಿಸಿದಾಗ ಕೂದಲು ಬೇಗ ಬೆಳೆದದ್ದನ್ನು ಅವನು ಕಂಡ. ಮೊಡವೆಗೆ ಈ ದೀಪಗಳಿಂದ ಸ್ವಲ್ಪ ಗುಣವಿದೆ; ಸುಟ್ಟುಹೋಗುವ ಭಯವೂ ಕಡಿಮೆ. ಆದರೂ 2019ರಲ್ಲಿ ಅಂಥದೊಂದು ಮುಖವಾಡವನ್ನು, ಕಣ್ಣಿನ ರೋಗವುಳ್ಳ ಕೆಲವರಿಗೆ ಅಪಾಯವಾದೀತೆಂದು, ತಯಾರಿಸಿದ ಅಮೆರಿಕದ ಕಂಪೆನಿಯೇ ಹಿಂದಕ್ಕೆ ಪಡೆಯಿತು. ಬೆಲೆಗೆ ತಕ್ಕಷ್ಟು ಫಲ ಸಿಕ್ಕೀತೆಂಬ ನಂಬಿಕೆ ನನಗಿಲ್ಲ.

ಆ ಹುಡುಗಿಯ ಲಗ್ನವನ್ನು ಎರಡೂ ಮನೆಯವರು ಆರು ತಿಂಗಳು ಮುಂದಕ್ಕೆ ಹಾಕಿದರು. ನಿಜವಾದ ಕಾರಣವನ್ನು ಅವಳೇ ಹುಡುಗನಿಗೆ ಫೋನಿನಲ್ಲಿ ಹೇಳಿದಳೆಂದು ತಾಯಿ ತುಸು ಮುನಿಸಿನಿಂದ ತಿಳಿಸಿದರು. ಕೊಡೆ, ಬಿಸಿಲುಲೇಪ, ಒಂದು ಮೆದು ಮುಲಾಮು, ಮಿಕ್ಕದ್ದು ಕಾಲದ ಕೆಲಸ. ದೀಪಾವಳಿಯ ಹೊತ್ತಿಗೆ ಆಯತಗಳ ಅಂಚು ಕರಗಿತ್ತು. ಗದ್ದದ ಕೆಳಗೆ ಎರಡು ಬಿಳಿಚು ಗುರುತು ಉಳಿದಿದ್ದವು, ಅವು ಇಂದಿಗೂ ಇವೆ. ಮದುವೆಯಾಗಿ ವರ್ಷ ಕಳೆದ ಮೇಲೆ ಅವಳು ಒಬ್ಬಳೇ ಬಂದಳು. ರಕ್ತ ಪರೀಕ್ಷೆ ಮಾಡಿಸಿ ಹಾರ್ಮೋನಿಗೆ ಔಷಧ ಆರಂಭಿಸಿದ್ದೆವು. ಆದರೂ ಗದ್ದದ ಕೂದಲು ಇದ್ದೇ ಇತ್ತು. “ಇನ್ನೊಂದ್ಸಲ ನೋಡೋಣ್ವಾ ಸರ್?” ಎಂದು ಕೇಳಿದಳು. ಸುಟ್ಟುಕೊಂಡ ಮುಖವನ್ನು ಮತ್ತೆ ಬೆಳಕಿಗೆ ಒಡ್ಡುವ ಧೈರ್ಯ ನನಗಿಂತ ಅವಳಿಗೇ ಹೆಚ್ಚಿತ್ತು. ದವಡೆಯ ಅಡಿಯಲ್ಲಿ, ಕಿವಿಯ ಹತ್ತಿರ, ಕಡಲೆಕಾಳಿನಷ್ಟು ಜಾಗದಲ್ಲಿ 1,064ರ ಲೇಸರನ್ನು ತೀರ ಕಡಿಮೆ ಪ್ರಮಾಣದಲ್ಲಿ ಹಾಯಿಸಿ ಎರಡು ವಾರ ಬಿಟ್ಟು ಬರಹೇಳಿದೆ. ಬಂದಳು. ದೀಪದಡಿ ಕೂರಿಸಿ, ಕನ್ನಡಕ ಒರೆಸಿ ಹಾಕಿಕೊಂಡು ಆ ಜಾಗವನ್ನು ಹುಡುಕಿದೆ; ಸಿಕ್ಕಲಿಲ್ಲ. ಅವಳೇ ಬೆರಳಿಟ್ಟು ತೋರಿಸಬೇಕಾಯಿತು.